ಬೆಳಕಿನ ಜಿಪುಣ

ಉಮರ್ಗಾದ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ನಿಂತಿದ್ದೆ. ಹೈದರಾಬಾದಿನ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ನನ್ನ ಹಳೆಯ ವಿದ್ಯಾರ್ಥಿ. ಕೆಳಗಿಳಿದವನೇ ನೇರ ನನ್ನ ಹತ್ತಿರ ಬಂದ.

"ಮಾಸ್ತರ್, ತುರೋರಿ ಎಕ್ಸರೇ ಸಾಹೇಬ್ರು ಹೋದ್ರಲ್ರೀ. ನಿನ್ನಿ ಮುಂಜಾನಿ. ನಿಮಗ ಗೊತ್ತಾಗ್ಯದೋ ಇಲ್ಲೋ ಅಂತ ಹೇಳ್ದೆ."

ಗೊತ್ತಾಗಿರಲಿಲ್ಲ. ಬಟ್ಟಲು ಅಲ್ಲೇ ಇಟ್ಟು, ಎದುರಿಗಿದ್ದ ಲಾರಿಯವನನ್ನು ಕಾಡಿ ಬೇಡಿ ಹತ್ತಿ ತುರೋರಿಗೆ ಹೋದೆ. ಮಣ್ಣು ಕೊಡುವುದು ಹಿಂದಿನ ದಿನವೇ ಮುಗಿದಿತ್ತು. ಅಂಗಳದ ಬೇವಿನ ಗಿಡದ ಕೆಳಗೆ ಮಂದಿ ಕೂತಿದ್ದರು. ಅವರ ಎತ್ತರದ ಬಗ್ಗೆ ಮಾತಾಡಿದರು, ಅವರ ತಂದೆಯ ಕುರಿಹಿಂಡಿನ ಬಗ್ಗೆ ಮಾತಾಡಿದರು, ಪ್ರಾಯದಲ್ಲಿ ಬೀರಪ್ಪನ ಗುಡಿಯ ಮುಂದೆ ಅವರು ಡೊಳ್ಳು ಬಾರಿಸಿದರೆ ಪಕ್ಕದ ಊರಿಗೆ ಕೇಳುತ್ತಿತ್ತು ಅಂದರು. ಕೆಲಸದ ಬಗ್ಗೆ ಕೇಳಿದರೆ, "ಉದಗೀರ ದವಾಖಾನ್ಯಾಗ ಫೋಟೋ ತೆಗೀತಿದ್ದಾ" ಎಂದಷ್ಟೇ ಹೇಳಿದರು. ನನಗೆ ಸಿಟ್ಟು ಬಂತು. ಸತ್ತವರ ಮನೆಯಲ್ಲಿ ಸಿಟ್ಟು ಮಾಡುವಂತಿಲ್ಲವಲ್ಲ, ನುಂಗಿಕೊಂಡು ಬಂದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರನ್ನು ಮೊದಲ ಸಲ ನೋಡಿದಾಗ ನಾನು ನಕ್ಕಿದ್ದೆ. ಆರಡಿ ಮೀರಿದ ಆಳು. ತಲೆಗೆ ಪಟಗಾ, ಹಣೆಗೆ ಬೀರಪ್ಪನ ಭಂಡಾರ, ಮೈಮೇಲೆ ದವಾಖಾನೆಯ ಬಿಳಿ ಕೋಟು, ಕಣ್ಣಿಗೆ ಕುಂಕುಮದ ಬಣ್ಣದ ದಪ್ಪ ಗಾಜಿನ ಕನ್ನಡಕ. ಆ ವೇಷದಲ್ಲಿ ದವಾಖಾನೆಯ ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ಕೈ ಹಿಂದೆ ಕಟ್ಟಿಕೊಂಡು ತಿರುಗಾಡುತ್ತಿದ್ದರು. ಯಾರೋ ನಾಟಕದವರು ರೋಗಿಯಾಗಿ ಬಂದಿದ್ದಾರೆ ಅಂದುಕೊಂಡೆ. ನನ್ನ ಮಗಳು ಗಂಗಾ ನನ್ನ ಧೋತರ ಹಿಡಿದು ಹಿಂದೆ ಅಡಗಿದಳು.

ಆ ಕನ್ನಡಕದ ಕಾರಣ ಆಮೇಲೆ ತಿಳಿಯಿತು. ಎದೆಯೊಳಗಿನ ಹೃದಯ ಬಡಿಯುವುದನ್ನು ಎಕ್ಸರೇ ಪರದೆಯ ಮೇಲೆ ನೋಡಬೇಕಾದರೆ ಕೋಣೆ ಕಗ್ಗತ್ತಲಾಗಿರಬೇಕು. ಪರದೆ ಬಹಳ ಮಂದವಾಗಿ ಹೊಳೆಯುತ್ತದೆ. ಬಿಸಿಲಿನಿಂದ ಒಳಗೆ ಹೋದವನ ಕಣ್ಣಿಗೆ ಏನೂ ಕಾಣದು. ಕಾಣದಿದ್ದರೆ ಅವನು ಬೆಳಕು ಜೋರು ಮಾಡುತ್ತಾನೆ, ಬಹಳ ಹೊತ್ತು ಹಚ್ಚಿಟ್ಟು ಹುಡುಕುತ್ತಾನೆ. ಅಷ್ಟೂ ಬೆಳಕು ರೋಗಿಯ ಮೈಯೊಳಗೆ ಹಾದು ಹೋಗುತ್ತದೆ. ಮೊದಲೇ ಅರ್ಧ ಗಂಟೆ ಕೆಂಪು ಕನ್ನಡಕ ಹಾಕಿಕೊಂಡು ಕಣ್ಣನ್ನು ಕತ್ತಲೆಗೆ ಪಳಗಿಸಿಕೊಂಡರೆ, ಸ್ವಲ್ಪ ಬೆಳಕಿನಲ್ಲಿ, ಸ್ವಲ್ಪ ಹೊತ್ತಿನಲ್ಲಿ ಕೆಲಸ ಮುಗಿಯುತ್ತದೆ. ದವಾಖಾನೆಯ ಮುದುಕ ಡಾಕ್ಟರರಿಗೂ ಅವರೇ ಒಂದು ಕನ್ನಡಕ ಕೊಟ್ಟು ಕೂರಿಸುತ್ತಿದ್ದರು. ಡಾಕ್ಟರರು ಗೊಣಗುತ್ತಲೇ ಹಾಕಿಕೊಳ್ಳುತ್ತಿದ್ದರು. ಹಳ್ಳಿಗಳಿಂದ ಬಂದ ಮಂದಿ ಹೊರಗೆ ಕಾದು ಕಾದು, "ಎಲ್ಲಿ ಹೋಗ್ಯಾರ ಸಾಹೇಬ್ರು?" ಎಂದು ಕೇಳಿದರೆ ಆಯಾ, "ಕತ್ತಲ್ಯಾಗ ಕುಂತಾರ, ಎಬ್ಬಿಸಬ್ಯಾಡ್ರಿ" ಅನ್ನುತ್ತಿದ್ದಳು. ಸಂಬಳ ತೆಗೆದುಕೊಂಡು ನಿದ್ದೆ ಮಾಡುವ ಮನುಷ್ಯ ಎಂಬ ಹೆಸರು ಅವರಿಗೆ ಸುತ್ತಲಿನ ಹಳ್ಳಿಗಳಲ್ಲೆಲ್ಲ ಇತ್ತು.

ಒಮ್ಮೆ ಅದೇ ಕನ್ನಡಕದಲ್ಲಿ ಬಾಜಾರಿಗೆ ಹೋಗಿ, ಮುದಿ ತಾಯಿಗೆಂದು ಬಿಳಿ ಸೀರೆ ಕೊಂಡು ಊರಿಗೆ ತಂದರಂತೆ. ಮನೆಯಲ್ಲಿ ಮಡಿಕೆ ಬಿಚ್ಚಿದರೆ ಸೀರೆಯ ತುಂಬ ಕೆಂಪು ಹೂವು. ಕೆಂಪು ಗಾಜಿನಲ್ಲಿ ಬಿಳಿಯೂ ಕೆಂಪೂ ಒಂದೇ. "ಗಂಡ ಸತ್ತು ಇಪ್ಪತ್ತ ವರ್ಷ ಆಗ್ಯದ, ಈಗ ನನಗ ಮದಿವಿ ಮಾಡ್ತಿಯೇನೋ?" ಎಂದು ತಾಯಿ ಅಂಗಳದಲ್ಲಿ ನಿಂತು ಬೈದಳಂತೆ. ಈ ಕಥೆಯನ್ನು ಅವರೇ ಹೇಳಿ ನಗುತ್ತಿದ್ದರು. ಎಲ್ಲರಿಗಿಂತ ಜಾಸ್ತಿ ನಕ್ಕವನು ನಾನು.

ನನ್ನ ಮಗಳ ವಿಷಯ ಹೇಳಬೇಕು. ನಮ್ಮದು ಯೆಣೆಗೂರ. ಹೊಲ ತಮ್ಮ ನೋಡಿಕೊಳ್ಳುತ್ತಿದ್ದ, ನಾನು ಉಮರ್ಗಾದಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಹೋದಮೇಲೆ ಉರ್ದು ಬಿಟ್ಟು ಮರಾಠಿಯಲ್ಲಿ ಗಣಿತ ಹೇಳತೊಡಗಿದ್ದೆ. ಮನೆಯಲ್ಲಿ ಕನ್ನಡ. ಸಿಟ್ಟು ಬಂದರೆ ಮೂರೂ. ಗಂಗಾಗೆ ಓಡಲು ಆಗುತ್ತಿರಲಿಲ್ಲ. ನಾಲ್ಕು ಹೆಜ್ಜೆ ಓಡಿದರೆ ಕೂತುಬಿಡುತ್ತಿದ್ದಳು, ಎದೆ ಧಡಧಡ ಹಾರುವುದು ಅಂಗಿಯ ಮೇಲೆಯೇ ಕಾಣುತ್ತಿತ್ತು. ಉದಗೀರದ ಡಾಕ್ಟರರು ಎದೆಗೆ ನಳಿಗೆ ಇಟ್ಟು ಕೇಳಿ, ಒಳಗೆ ಬೀಸುವ ಕಲ್ಲಿನ ಸದ್ದು ಬರುತ್ತದೆ ಅಂದರು. ಹುಟ್ಟಿದ ಕೂಡಲೇ ಮುಚ್ಚಬೇಕಾದ ರಕ್ತದ ದಾರಿಯೊಂದು ಹೃದಯದ ಹತ್ತಿರ ಹಾಗೇ ತೆರೆದಿರಬಹುದು. ಹೌದಾದರೆ ಮುಂಬಯಿಯಲ್ಲಿ ಎದೆ ತೆರೆದು ಅದನ್ನು ದಾರದಿಂದ ಕಟ್ಟುತ್ತಾರೆ, ಹುಡುಗಿ ಬದುಕುತ್ತಾಳೆ. ಅಲ್ಲವಾದರೆ ಏನೋ ಬೇರೆ. ಯಾವುದೆಂದು ತಿಳಿಯುವುದೇ ಈಗಿನ ಕೆಲಸ.

ನಾನು ಸುಮ್ಮನೆ ಕೂರುವ ಜಾತಿಯವನಲ್ಲ. ಉದಗೀರಕ್ಕೆ ಬರುವ ಮೊದಲೇ ಒಂದು ದೊಡ್ಡ ಊರಿನಲ್ಲಿ ಸ್ವಂತ ಎಕ್ಸರೇ ಮಷೀನು ಇಟ್ಟವನೊಬ್ಬನ ಬಳಿ ಮಗಳನ್ನು ಕರೆದುಕೊಂಡು ಹೋಗಿದ್ದೆ. ನಾನು, ನನ್ನ ಅವ್ವ, ಇಬ್ಬರು ಭಾವಂದಿರು, ಅತ್ತೆ, ಇಷ್ಟು ಮಂದಿ. ಆತ ಉದಾರಿ. ಕೂಸಿನ ಹೃದಯ ಬಡಿಯುವುದನ್ನು ಒಬ್ಬೊಬ್ಬರಿಗೂ ತೋರಿಸಿದ. ಪರದೆಯ ಮೇಲೆ ಹೃದಯದ ಎದುರಿಗೇ ಮೊಟ್ಟೆಯಂಥ ಒಂದು ಕಪ್ಪು ನೆರಳು ಕಂಡಿತು. ಅವ್ವ ಅದನ್ನು ನೋಡಿ ಕೈ ಮುಗಿದುಬಿಟ್ಟಳು.

"ನೋಡ್ರಿ, ನೋಡ್ರಿ! ನಮ್ಮ ಕೂಸಿನ ಎದಿಯೊಳಗ ಲಿಂಗ ಮೂಡ್ಯದ! ಇನ್ನೊಮ್ಮಿ ತೋರಸ್ರಿ, ಬೀಗತಿ ನೋಡಿಲ್ಲ."

ಇನ್ನೊಮ್ಮೆ ತೋರಿಸಿದ. ಅತ್ತೆಯೂ ಕೈ ಮುಗಿದಳು. ಅದು ಗಂಗಾಳ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ. ಹುಟ್ಟಿದಾಗ ಕಟ್ಟಿದ ಇಷ್ಟಲಿಂಗ ಅದರೊಳಗಿತ್ತು, ಮೈಯಿಂದ ಒಮ್ಮೆಯೂ ಬೇರೆ ಮಾಡಿರಲಿಲ್ಲ. ಆ ಬೆಳ್ಳಿಯ ನೆರಳಿನ ಹಿಂದೆ ಏನಿದೆ ಎಂದು ನೋಡಲು ಆತ ಹುಡುಗಿಯನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ಬಹಳ ಹೊತ್ತು ಬೆಳಕು ಹಚ್ಚಿಟ್ಟ. ಕೊನೆಗೂ ಏನೂ ತಿಳಿಯಲಿಲ್ಲ. ನಾವು ಮಾತ್ರ ದರ್ಶನ ಮಾಡಿಕೊಂಡವರ ಹಾಗೆ ಸಂತೋಷದಿಂದ ಮನೆಗೆ ಬಂದೆವು.

ಇದನ್ನೆಲ್ಲ ನಾನು ಉದಗೀರದಲ್ಲಿ ಅವರಿಗೆ ಹೆಮ್ಮೆಯಿಂದಲೇ ಹೇಳಿದೆ. "ಅವನು ಬೆಳಕಿಗೆ ಜಿಪುಣತನ ಮಾಡಲಿಲ್ಲ ನೋಡಿ" ಎಂದೂ ಸೇರಿಸಿದೆ. ಬೆಳಕೇ ಅರ್ಧ ಔಷಧ ಎಂದು ಆಗ ನಾವೆಲ್ಲ ನಂಬಿದ್ದೆವು. ಜಾಸ್ತಿ ಹೊತ್ತು ಹಾಕಿಸಿಕೊಂಡರೆ ಜಾಸ್ತಿ ಗುಣ.

ಅವರು ಕೆಂಪು ಕನ್ನಡಕದ ಹಿಂದಿನಿಂದ ನನ್ನನ್ನು ನೋಡಿದರು. ಆಮೇಲೆ ಬಲಗೈ ಕೋಟಿನ ಕಿಸೆಯಿಂದ ಹೊರಗೆ ತೆಗೆದು ನನ್ನ ಮುಂದೆ ಹಿಡಿದರು. ಎರಡು ಬೆರಳುಗಳಿಗೆ ತುದಿ ಇರಲಿಲ್ಲ. ಉಳಿದವುಗಳ ಚರ್ಮ ಒಣಗಿ ಬಿರಿದು, ಉಗುರು ಸೀಳಿ, ಹಿಂಗೈ ತುಂಬ ನರೂಲಿಯಂಥ ಗಂಟು.

"ಲಡಾಯಿ ಟೈಮಿನಾಗ ಪಲ್ಟನ್ ದವಾಖಾನ್ಯಾಗ ಕೆಲಸ ಕಲ್ತೀನ್ರಿ. ಮಷೀನ್ ಬರೋಬರ್ ನಡದದೋ ಇಲ್ಲೋ ಅಂತ ನೋಡ್ಲಿಕ್ಕ ದಿನಾ ಮುಂಜಾನಿ ನನ್ನ ಕೈಯೇ ಅಡ್ಡ ಹಿಡೀತಿದ್ದೆ. ಉರಿ ಇಲ್ಲ, ನೋವು ಇಲ್ಲ. ಬೆಳಕ ಅಲ್ಲೇನ್ರಿ, ಏನ್ ಮಾಡ್ತದ ಅಂತಿದ್ದೆ. ಹತ್ತ ವರ್ಷ ಆದ್ಮ್ಯಾಲ ಮಾಡ್ತು."

ಅದೇ ಕೈಯಿಂದ ಗಂಗಾಳ ಕಡೆ ತೋರಿಸಿದರು.

"ನಾ ದೊಡ್ಡ ಆಳ ಇದ್ದೆ, ಒಂದ ಕೈಗಿ ಬಂತು. ಇದು ಕೂಸು. ಇದರ ಮೈ ಇನ್ನಾ ಬೆಳೆಯೋದದ. ನಮಗ ಹತ್ತಿದಷ್ಟ ಬೆಳಕ ಇದಕ್ಕ ಹತ್ತಿದ್ರ, ಇದು ಎಷ್ಟ ವರ್ಷ ಹೊತಗೊಂಡ ತಿರಗಬೇಕು? ನೋಡಬ್ಯಾಡ ಅನ್ನಂಗಿಲ್ರಿ, ನೋಡಲೇಬೇಕು. ಬೇಕಾದಷ್ಟ ನೋಡ್ರಿ. ಹಬ್ಬ ಮಾಡಬ್ಯಾಡ್ರಿ."

ಅಂದಿನಿಂದ ನಾನು ಅವರನ್ನು ಬೆಳಕಿನ ಜಿಪುಣ ಎಂದು ಕರೆಯತೊಡಗಿದೆ. ಮೊದಮೊದಲು ಸಿಟ್ಟಿನಿಂದ, ಆಮೇಲೆ ಪ್ರೀತಿಯಿಂದ. ಅವರಿಗೆ ಎರಡರ ವ್ಯತ್ಯಾಸವೂ ಗೊತ್ತಾಗುತ್ತಿತ್ತು.

ಕರಡಿಗೆ ತೆಗೆಯಬೇಕು ಎಂದಾಗ ಅವ್ವ ರಂಪ ಮಾಡಿದಳು. ಲಿಂಗ ಮೈಬಿಟ್ಟರೆ ಜೀವ ಬಿಟ್ಟಂತೆ, ನಾನು ಸತ್ತಮೇಲೆ ತೆಗೆಯಿರಿ ಎಂದು ಎಕ್ಸರೇ ಕೋಣೆಯ ಬಾಗಿಲಿಗೆ ಅಡ್ಡ ಕೂತಳು. ನಾನು ಮೂರೂ ಭಾಷೆಗಳಲ್ಲಿ ಕೂಗಾಡಿದೆ. ಅವರು ನನ್ನನ್ನು ಪಕ್ಕಕ್ಕೆ ಸರಿಸಿ, ಅವ್ವನ ಎದುರಿಗೆ ನೆಲದ ಮೇಲೆ ಕೂತರು. ಕೂತರೂ ಅವಳಿಗಿಂತ ಎತ್ತರವೇ.

"ಯವ್ವಾ, ನೀ ಪೂಜಿ ಮಾಡುವಾಗ ಲಿಂಗ ಎಲ್ಲಿ ಇಟ್ಕೋತಿ?"

"ಎಡಗೈಯಾಗ. ಅಂಗೈ ಮ್ಯಾಲ. ನಿನಗ್ಯಾಕ?"

"ಆವಾಗ ಮೈ ಬಿಟ್ಟಂಗ ಆತೇನು?"

"ಅಂಗೈ ಮೈ ಅಲ್ಲೇನೋ?"

"ನಾನೂ ಅದೇ ಅಂದೆ. ಈಕಿನೂ ಅಂಗೈ ಮ್ಯಾಲೇ ಹಿಡಕೊಳ್ಳಲಿ. ಬೆಳ್ಳಿ ಕರಡಗಿ ನಿನ್ನ ಉಡ್ಯಾಗ ಇರಲಿ."

ಅವ್ವ ತಾನೇ ಶಿವದಾರ ಬಿಚ್ಚಿ ಲಿಂಗವನ್ನು ಮೊಮ್ಮಗಳ ಎಡ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. "ಹಾಲುಮತದಂವಾ ನನಗ ಲಿಂಗಪೂಜಿ ಕಲಸ್ತಾನ" ಎಂದು ಗೊಣಗಿದಳು, ನಿಜ. ಆದರೆ ನಿಲಂಗಾದಲ್ಲಿ ಬಸ್ಸು ಬದಲಿಸುವಾಗ ಗುರುತಿನವರಿಗೆಲ್ಲ ಅದೇ ಕಥೆಯನ್ನು ಹೇಳಿದಳು. ಲಿಂಗ ಹಿಡಿದ ಮಗು ಕೈ ಆಡಿಸುವುದಿಲ್ಲ ಎಂಬ ಇನ್ನೊಂದು ಲಾಭವನ್ನು ಅವರು ಮೊದಲೇ ಕಂಡುಕೊಂಡಿದ್ದರು. ಕೂಸು ಅಲುಗಾಡಿದರೆ ಚಿತ್ರ ಕೆಡುತ್ತದೆ, ಚಿತ್ರ ಕೆಟ್ಟರೆ ಮತ್ತೆ ಬೆಳಕು.

ಅಲುಗಾಡದಂತೆ ಮಲಗಿಸುವುದರಲ್ಲಿ ಅವರು ಪಕ್ಕಾ ಕುರುಬರು. ಬಂದ ದಿನವೇ ಯಾವ ಮಗುವಿಗೂ ಬೆಳಕು ಹಾಕುತ್ತಿರಲಿಲ್ಲ. ಮೊದಲ ದಿನ ಸುಳ್ಳು ಫೋಟೋ. ಮಷೀನು ಬಂದ್ ಇಟ್ಟು, ಮಗುವನ್ನು ಕರಿ ಕಂಬಳಿಯಲ್ಲಿ ಮರಿಯ ಹಾಗೆ ಸುತ್ತಿ ಮೇಜಿನ ಮೇಲೆ ಮಲಗಿಸಿ, ಕತ್ತಲೆ ಮಾಡಿ, ಬಾಯಿಂದಲೇ "ಗುಂಯ್" ಎಂದು ಸದ್ದು ಮಾಡುತ್ತಿದ್ದರು. ಆ ಸದ್ದು ಇರುವಷ್ಟು ಹೊತ್ತು ಉಸಿರು ಹಿಡಿಯಬೇಕು, ಮಾತಾಡಬಾರದು. ಸದ್ದು ನಿಂತರೆ ಮಗು ರಾಜ.

"ಗುಂಯ್ ಅನ್ನೋದ ನಿಂತ ಮ್ಯಾಲ ಅಳು, ನಗು, ನಿಮ್ಮಪ್ಪಗ ಬೈ, ಏನರ ಮಾಡವ್ವಾ. ಗುಂಯ್ ಅಂದಾಗ ಮಾತ್ರ ಕಲ್ಲ ಆಗಬೇಕು."

ಗಂಗಾ ಅವರನ್ನು ಮಾಮಾ ಅನ್ನತೊಡಗಿದಳು. ನನಗೆ ಹೆದರುತ್ತಿದ್ದವಳು ಅವರ ಪಟಗಾ ಕಿತ್ತು ತನ್ನ ತಲೆಗೆ ಹಾಕಿಕೊಳ್ಳುತ್ತಿದ್ದಳು. ನಿಜವಾದ ಬೆಳಕಿನ ದಿನ, ಕಿಟಕಿಯಂಥ ತಗಡನ್ನು ಸರಿಸಿ ಬೆಳಕನ್ನು ಹೃದಯದಷ್ಟೇ ಅಗಲಕ್ಕೆ ಇಳಿಸಿದರು. ಸೊಂಟದಿಂದ ಕೆಳಗೆ ಸೀಸ ಬೆರೆಸಿದ ದಪ್ಪ ರಬ್ಬರಿನ ಹಾಸು ಹೊದಿಸಿದರು. ಎದೆಯ ಚಿತ್ರಕ್ಕೆ ಹೊಟ್ಟೆಗೇಕೆ ಹೊದಿಕೆ ಎಂದು ಅವ್ವ ಕೇಳಿದಳು.

"ಈಕಿ ಮಕ್ಕಳು ಇನ್ನಾ ಬರೋದದ ಯವ್ವಾ. ಅವರನ್ನ ಕೇಳಲಾರ್ದ ಅವರ ಮ್ಯಾಲ ಬೆಳಕ ಹಾಕಿದ್ರ ಹ್ಯಾಂಗ?"

ಮುದುಕ ಡಾಕ್ಟರರು ಪರದೆ ನೋಡಿದರು. ಅವರ ಕಣ್ಣು ಒಂದು ಕಡೆ ನಿಂತು ಯೋಚನೆಗೆ ಬಿದ್ದ ಕೂಡಲೇ ಇವರ ಕಾಲು ಬಟನ್ನಿನಿಂದ ಮೇಲೇಳುತ್ತಿತ್ತು, ಬೆಳಕು ಆರುತ್ತಿತ್ತು. "ಅರೆ, ನೋಡ್ತಿದ್ದೀನಲ್ಲೋ!" ಎಂದು ಡಾಕ್ಟರರು ರೇಗಿದರೆ, "ವಿಚಾರ ಕತ್ತಲ್ಯಾಗೂ ಮಾಡಬಹುದಲ್ರಿ ಸಾಹೇಬ್ರ" ಅನ್ನುತ್ತಿದ್ದರು. ಹೀಗೆ ಹಚ್ಚಿ ಆರಿಸಿ ಹಚ್ಚಿ ಆರಿಸಿ ನೋಡಿದ ಮೇಲೆ ಡಾಕ್ಟರರು ಹೇಳಿದರು: ದಾರಿ ತೆರೆದಿರುವ ಹಾಗೇ ಕಾಣುತ್ತದೆ, ಆದರೆ ಖಚಿತವಾಗಬೇಕಾದರೆ ಮುಂಬಯಿಯ ದೊಡ್ಡ ದವಾಖಾನೆಗೆ ಹೋಗಬೇಕು. ಅಲ್ಲಿ ಕೈಯ ರಕ್ತನಾಳದಿಂದ ಸಣ್ಣ ನಳಿಗೆಯೊಂದನ್ನು ಹೃದಯದವರೆಗೆ ಸರಿಸಿ ನೋಡುತ್ತಾರೆ. ನಳಿಗೆ ಎಲ್ಲಿ ಹೋಗುತ್ತಿದೆ ಎಂದು ಉದ್ದಕ್ಕೂ ಎಕ್ಸರೇಯಲ್ಲೇ ನೋಡಬೇಕು.

ಉದ್ದಕ್ಕೂ ಎಂಬ ಮಾತು ಕೇಳಿ ಅವರ ಮುಖ ಸಣ್ಣದಾಯಿತು. ಮಗಳ ಎದೆಗೆ ನಳಿಗೆ ಹಾಕುತ್ತಾರೆ ಎಂದು ನಾನು ನಡುಗುತ್ತಿದ್ದರೆ, ಆ ಮನುಷ್ಯನಿಗೆ ಬೆಳಕಿನ ಚಿಂತೆ. "ಹುಡುಗಿ ಹೆದರಿ ಒದ್ದಾಡಿದ್ರ ನಳಿಗಿ ಹೋಗಂಗಿಲ್ರಿ. ನಳಿಗಿ ಹೋಗಲಿಲ್ಲಂದ್ರ ಬೆಳಕ ಹತ್ತೇ ಇರ್ತದ" ಎಂದರು. ಮುಂದಿನ ಒಂದು ತಿಂಗಳು, ಪ್ರತಿ ರವಿವಾರ, ಉಮರ್ಗಾದಿಂದ ನಿಲಂಗಾ, ನಿಲಂಗಾದಿಂದ ಉದಗೀರ ಎಂದು ಎರಡು ಬಸ್ಸು ಬದಲಿಸಿ ನಾವು ಸುಳ್ಳು ನಳಿಗೆಯ ತಾಲೀಮಿಗೆ ಹೋದೆವು. ನಳಿಗೆ ಸಾವಿಗೆಯ ಎಳೆಯಷ್ಟೇ ಇರುತ್ತದೆ, ಮೊದಲು ಒಂದು ಚುಚ್ಚು, ಆಮೇಲೆ ನೋವಿಲ್ಲ ಎಂದು ಹೇಳಿ, ಅವಳ ಬಲಗೈಯ ಮೇಲೆ ಒದ್ದೆ ನೂಲು ಎಳೆದು ಎಳೆದು ಅಭ್ಯಾಸ ಮಾಡಿಸಿದರು. ಎಡಗೈಯಲ್ಲಿ ಲಿಂಗ. ಬಾಯಲ್ಲಿ ಗುಂಯ್.

ಹೊರಡುವ ಮೊದಲಿನ ರವಿವಾರ ಅವರು ಒಂದು ಪತ್ರ ಹೇಳಿ ಬರೆಸಿದರು. ಮುಂಬಯಿಯ ಡಾಕ್ಟರರಿಗೆ. ಹುಡುಗಿಗೆ ಲಿಂಗ ಹಿಡಿಯಲು ಎಡಗೈ ಬಿಡಿ, ನಳಿಗೆ ಬಲಗೈಯಿಂದ ಹಾಕಿ. ಬಲವಂತವಾಗಿ ಹಿಡಿಯಬೇಡಿ, ಹೇಳಿದರೆ ಕಲ್ಲಿನ ಹಾಗೆ ಮಲಗುತ್ತಾಳೆ. ನಳಿಗೆ ನಿಂತಾಗ ಬೆಳಕು ಆರಿಸಿ. ಬೆಳಕಿನ ಕಿಟಕಿ ಸಣ್ಣದು ಮಾಡಿ, ಹೊಟ್ಟೆಗೆ ಸೀಸದ ಹಾಸು ಹೊದಿಸಿ. ನಾನು ಪೆನ್ಸಿಲಿನಲ್ಲಿ ಗೀಚಿಕೊಂಡು, ಮನೆಗೆ ಬಂದು ಮರಾಠಿಯಲ್ಲಿ ಚೊಕ್ಕವಾಗಿ ಪ್ರತಿ ಮಾಡಿದೆ. ಮೇಲೆ, ಕೆಳಗೆ ನಮಸ್ಕಾರ ಚಮತ್ಕಾರಗಳು ನೀಲಿ ಶಾಯಿಯಲ್ಲಿ. ಮುಖ್ಯ ವಿಷಯಗಳು ಕೆಂಪು ಶಾಯಿಯಲ್ಲಿ. ಮುಖ್ಯವಾದುದನ್ನು ಕೆಂಪಿನಲ್ಲಿ ಬರೆಯುವುದು ಮಾಸ್ತರರ ಚಟ.

ಮುಂಬಯಿಯಲ್ಲಿ ಆ ಪತ್ರವನ್ನು ನಾನು ಕೊಡಲಿಲ್ಲ. ನಿಜ ಹೇಳಿಬಿಡುತ್ತೇನೆ, ನಾಚಿಕೆಯಾಯಿತು. ಅಷ್ಟು ದೊಡ್ಡ ಕಟ್ಟಡ, ಅಷ್ಟು ದೊಡ್ಡ ಡಾಕ್ಟರು, ಅವರ ಹಿಂದೆ ಕಲಿಯುವ ಹುಡುಗರ ದಂಡು. ತುರೋರಿಯ ಕುರುಬರೊಬ್ಬರು ನಿಮಗೆ ಹೀಗೆ ಮಾಡಿ ಹಾಗೆ ಮಾಡಿ ಎಂದು ಹೇಳಿ ಕಳಿಸಿದ್ದಾರೆ ಎಂದು ಯಾವ ಬಾಯಿಂದ ಹೇಳಲಿ? ಪತ್ರ ಕೋಟಿನ ಕಿಸೆಯಲ್ಲೇ ಉಳಿಯಿತು.

ಪರೀಕ್ಷೆಯ ದಿನ ಗಂಗಾಳನ್ನು ಒಳಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಅವಳ ಚೀರಾಟ ಕೇಳಿಸಿತು. ನರ್ಸ್ ಲಿಂಗ ಕಸಿದಿದ್ದಳು. ಎಲ್ಲ ಬಿಟ್ಟು ಬರಿಮೈಯಲ್ಲಿ ಮಲಗಬೇಕು, ಅಲ್ಲಿಯ ನಿಯಮ. ಹೊರಗೆ ಬಂದ ನರ್ಸ್ ಬೆವರು ಒರೆಸಿಕೊಳ್ಳುತ್ತ, "ಕೈಕಾಲು ಕಟ್ಟಿಯೇ ಮಾಡಬೇಕು. ನಾಲ್ಕು ಮಂದಿ ಹಿಡಿಯಬೇಕಾಗುತ್ತದೆ. ಬಹಳ ಹೊತ್ತು ಹಿಡಿಯುತ್ತದೆ" ಅಂದಳು.

ಬಹಳ ಹೊತ್ತು ಎಂದರೆ ಏನೆಂದು ಈಗ ನನಗೆ ಗೊತ್ತಿತ್ತು. ಆ ಬಿರಿದ ಕೈ ಕಣ್ಣ ಮುಂದೆ ಬಂತು. ನಾಚಿಕೆ ಎಲ್ಲಿಗೆ ಹೋಯಿತೋ, ಓಡಿದೆ. ದೊಡ್ಡ ಡಾಕ್ಟರರು ಪಕ್ಕದ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಕಣ್ಣಿಗೆ ಅದೇ ಕೆಂಪು ಕನ್ನಡಕ. ನನಗೆ ನಮ್ಮೂರಿನವರನ್ನೇ ಕಂಡಂತಾಯಿತು. ಪತ್ರ ಕೈಗೆ ಕೊಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಗುರೂಜಿ, ಮೇಲೆ ನಮಸ್ಕಾರ ಇದೆ. ಕೆಳಗೂ ನಮಸ್ಕಾರ ಇದೆ. ನಡುವೆ ಹಾಳೆ ಖಾಲಿ ಇದೆಯಲ್ಲ?"

ಹುಡುಗರ ದಂಡು ನಕ್ಕಿತು. ಅವರ ತಾಯಿಯ ಸೀರೆಯ ಕೆಂಪು ಹೂವು ನೆನಪಾಯಿತು: ನನ್ನ ಕೆಂಪು ಶಾಯಿಯೂ ಆ ಗಾಜಿನಲ್ಲಿ ಕಾಣದು. ಕನ್ನಡಕ ತೆಗೆದು ಓದಿ ಅನ್ನುವಂತಿಲ್ಲ. ತೆಗೆದರೆ ಪಳಗಿದ ಕಣ್ಣು ಕೆಟ್ಟು ಮತ್ತೆ ಅರ್ಧ ಗಂಟೆ ಕೂರಬೇಕು. ಒಳಗೆ ಮಗಳು ಚೀರುತ್ತಿದ್ದಾಳೆ. ಬೇರೆ ದಾರಿ ಇರಲಿಲ್ಲ, ಬಾಯಿಂದಲೇ ಹೇಳಿದೆ. ಎಡಗೈ, ಬಲಗೈ, ಕಲ್ಲು, ಗುಂಯ್, ಕಿಟಕಿ, ಸೀಸದ ಹಾಸು, ವಿಚಾರ ಮಾಡುವಾಗ ಬೆಳಕು ಆರಿಸುವುದು, ಎಲ್ಲ. ಮೂವತ್ತು ಹುಡುಗರ ಮುಂದೆ ಪಾಠ ಹೇಳುವ ನನ್ನ ನಾಲಗೆ ತೊದಲಿತು. ಹುಡುಗರ ದಂಡು ನಗುವುದನ್ನು ನಿಲ್ಲಿಸಿತು.

ಡಾಕ್ಟರರು ಪೂರ್ತಿ ಕೇಳಿದರು. ಆಮೇಲೆ ನರ್ಸನ್ನು ಕರೆದು, "ಆ ಮಗುವಿನ ವಸ್ತು ಅದರ ಕೈಗೆ ಕೊಡಿ. ಎಡಗೈಗೆ" ಅಂದರು. ನನ್ನ ಕಡೆ ತಿರುಗಿ, "ಇದನ್ನೆಲ್ಲ ನಿಮಗೆ ಯಾರು ಹೇಳಿಕೊಟ್ಟರು?" ಎಂದು ಕೇಳಿದರು.

ಅವರ ದನಿಯಲ್ಲಿ ಗೌರವವಿತ್ತು. ಆ ಗೌರವ ನನ್ನದಾಗಲಿ ಅನ್ನಿಸಿತು. ನಾನು ಹೇಳಿದೆ: "ಓದಿ ತಿಳಿದುಕೊಂಡೆ."

ಚೀರಾಟ ನಿಂತಿತು. ಮುಂದಿನದು ನಾನಂದುಕೊಂಡದ್ದಕ್ಕಿಂತ ಬೇಗ ಮುಗಿಯಿತು. ದೊಡ್ಡವರೂ ಹೀಗೆ ಮಲಗುವುದಿಲ್ಲ ಎಂದು ಡಾಕ್ಟರರು ಹೊರಗೆ ಬಂದು ಹೇಳಿದರು. ದಾರಿ ತೆರೆದೇ ಇತ್ತು. ಎರಡು ವಾರದ ಮೇಲೆ ಎದೆ ತೆರೆದು ಅದನ್ನು ಕಟ್ಟಿದರು. ಗಂಗಾ ಬದುಕಿದಳು. ಬೀಸುವ ಕಲ್ಲಿನ ಸದ್ದು ನಿಂತಿತು. ಈಗ ಅವಳು ಓಡಿದರೆ ಹಿಡಿಯುವುದು ನನಗೆ ಕಷ್ಟ.

ಊರಿಗೆ ಬಂದವರು ಮೊದಲು ಉದಗೀರಕ್ಕೇ ಹೋದೆವು. ಅವರು ಹುಡುಗಿಯನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಅಂಗಳವೆಲ್ಲ ಸುತ್ತಿದರು. ಕೆಳಗಿಳಿಸಿದ ಮೇಲೆ ನನ್ನನ್ನು ಕೇಳಿದ್ದು ಎರಡೇ ಮಾತು.

"ಬೆಳಕ ಎಷ್ಟ ಹೊತ್ತ ಇತ್ರಿ?"

ನಾನು ಹೇಳಿದೆ. "ಇನ್ನಾ ಕಡಿಮಿ ಆಗ್ತಿತ್ತು" ಎಂದು ತಲೆ ಆಡಿಸಿದರು. ಜಿಪುಣ!

"ಚಿಟ್ಠಿ ಓದಿದ್ರೇನ್ರಿ ಡಾಕ್ಟ್ರು?"

"ಓದಿದರು" ಅಂದೆ. ಅದು ಎರಡನೆಯ ಸುಳ್ಳು.

ಅವರು ಗಂಗಾಳನ್ನು ಮಷೀನು ತೋರಿಸುತ್ತೇನೆ ಎಂದು ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಕಟ್ಟೆಯ ಮೇಲೆ ಕೂತು ಬೀಡಿ ಸೇದಿದೆ. ಬೀಡಿ ರುಚಿಸಲಿಲ್ಲ.

ಆಮೇಲೆ ಮೂರು ವರ್ಷ ನಾನು ಅವರನ್ನು ಕಂಡಾಗಲೆಲ್ಲ ಆ ಸುಳ್ಳು ನೆನಪಾಗುತ್ತಿತ್ತು. ಅವರು ಮಾತ್ರ ಮೊದಲಿನ ಹಾಗೇ ಚಹಾ ತರಿಸುತ್ತಿದ್ದರು, ಮೊದಲಿನ ಹಾಗೇ ಮಾಸ್ತರ್ ಮಾಸ್ತರ್ ಎಂದು ಮರ್ಯಾದೆ ಕೊಡುತ್ತಿದ್ದರು. ಅವರು ಮರ್ಯಾದೆ ಕೊಟ್ಟಷ್ಟೂ ನನಗೆ ಕುಗ್ಗಿದಂತಾಗುತ್ತಿತ್ತು. ಅವರ ಕೈಯ ಗಂಟುಗಳು ಹುಣ್ಣಾದವು, ಹುಣ್ಣು ಮಾಯಲಿಲ್ಲ. ಕೊನೆಗೆ ಮಣಿಕಟ್ಟಿನಿಂದ ಮೇಲೆ ಕತ್ತರಿಸಿದರು. ನೌಕರಿ ಬಿಟ್ಟು ತುರೋರಿಗೆ ಬಂದರು.

ಮಹಾರಾಷ್ಟ್ರ ರಾಜ್ಯ ಆದ ಬೇಸಿಗೆಯಲ್ಲಿ ನೋಡಲು ಹೋದೆ. ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತಿದ್ದರು. ಅವರ ಹೆಂಡತಿ ಮಜ್ಜಿಗೆ ತಂದಿಟ್ಟು ಒಳಗೆ ಹೋದರು. ಬೇನೆ ಕಂಕುಳಿಗೆ ಏರಿದೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇನ್ನು ತಡೆದರೆ ಹೇಳುವುದು ಆಗುವುದಿಲ್ಲ ಅನ್ನಿಸಿ ಬಾಯಿ ಬಿಟ್ಟೆ.

"ಸಾಹೇಬ್ರ, ಒಂದ ಮಾತ ಹೇಳೋದದ. ಮುಂಬೈ ಡಾಕ್ಟ್ರು, ಇದು ಯಾರು ಕಲಿಸ್ಯಾರ ಅಂತ ಕೇಳಿದ್ರು. ನಾ ನಿಮ್ಮ ಹೆಸರ ಹೇಳಲಿಲ್ಲ. ನಾನೇ ಓದೀನಿ ಅಂದೆ."

"ಗೊತ್ತದ್ರಿ" ಅಂದರು.

"ಏನ್ ಗೊತ್ತದ?"

"ನೀವು ಹೇಳಿಲ್ಲಂತ. ಬಂದ ದಿನಾನೇ ಗಂಗಾ ಹೇಳ್ಯಾಳ. ಡಾಕ್ಟ್ರು ಆಕಿಗಿ, ನಿಮ್ಮಪ್ಪ ಭಾಳ ಓದ್ಯಾನಲ್ಲ ಅಂದ್ರಂತ. ಆಕಿ ಮೇಜಿನ ಮ್ಯಾಗ ಮಕ್ಕೊಂಡಕೀನೇ, ನಮ್ಮಪ್ಪ ಅಲ್ರಿ, ನಮ್ಮ ಮಾಮಾ ಕಲಿಸ್ಯಾರ ಅಂತ ನನ್ನ ಹೆಸರ, ನಮ್ಮಪ್ಪನ ಹೆಸರ, ಊರ ಹೆಸರ ಎಲ್ಲಾ ಹೇಳ್ಯಾಳ."

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ.

"ನಾ ಆಕಿಗಿ ಬೈದೆ. ಮೇಜಿನ ಮ್ಯಾಗ ಮಾತಾಡಬ್ಯಾಡ ಅಂತ ಎಷ್ಟ ಸಲ ಹೇಳಿದ್ದಿಲ್ಲ? ಅದಕ್ಕ ಏನಂದ್ಳು ಗೊತ್ತೇನ್ರಿ? ಮಷೀನ್ ಇನ್ನಾ ಗುಂಯ್ ಅಂದಿದ್ದಿಲ್ಲ ಮಾಮಾ, ಬೆಳಕ ಹತ್ತೋದ್ರೊಳಗ ಜಲ್ದಿ ಹೇಳಿ ಮುಗಿಸ್ದೆ ಅಂದ್ಳು."

ಅವರು ನಕ್ಕರು. ನಗುವುದಕ್ಕೂ ಈಗ ಅವರಿಗೆ ತ್ರಾಸವಾಗುತ್ತಿತ್ತು. ಉಸಿರು ತಿರುಗಿದ ಮೇಲೆ ಹೇಳಿದರು:

"ಅಪ್ಪಗ ಗೊತ್ತಾಗ್ಯದ ಅಂತ ಹೇಳಬ್ಯಾಡ ಮಾಮಾ, ಅಂವಗ ಕೆಟ್ಟ ಅನಸ್ತದ ಅಂತನೂ ಆಕಿನೇ ಅಂದ್ಳು. ಅದಕ್ಕ ನಾನೂ ಸುಮ್ಮ ಇದ್ದೆ."

ಆಗ ಅವಳಿಗೆ ಏಳು ವರ್ಷ.